ನಾಲಗೆ ಕಳಚಿದ ಗಂಟೆ

ಹುಣಸೆಹಣ್ಣಿಗೆ ಹಿತ್ತಾಳೆ ತಾಗಿದಾಗ ಒಂದು ವಾಸನೆ ಏಳುತ್ತದೆ ನೋಡಿ, ಹುಳಿಯೂ ಅಲ್ಲ, ಲೋಹವೂ ಅಲ್ಲ, ಎರಡೂ ಸೇರಿ ಹಲ್ಲು ಜುಮ್ಮೆನ್ನಿಸುವಂಥದು. ಇವತ್ತು ಶುಕ್ರವಾರ. ಬಾವಿಕಟ್ಟೆಯ ಪಕ್ಕ ಕೂತು ದೇವರ ಸಾಮಾನು ತಿಕ್ಕುತ್ತಿದ್ದೇನೆ. ದೀಪ ಆಯಿತು, ಹರಿವಾಣ ಆಯಿತು, ಕೊನೆಗೆ ಗಂಟೆ ಕೈಗೆ ಬಂತು. ನಮ್ಮ ಮನೆಯ ಗಂಟೆಗೆ ನಾಲಗೆ ಇಲ್ಲ. ಒಳಗೆ ತೂಗಾಡಿ ಬಡಿಯುವ ಗುಂಡು ಕಳಚಿ ನಾಲ್ಕು ವರ್ಷ ಆಯಿತು. ಮಂಗಳಾರತಿ ಹೊತ್ತಿಗೆ ನಾನು ಎಡಗೈಲಿ ಗಂಟೆ ಹಿಡಿದು ಬಲಗೈಲಿ ಕುಂಕುಮದ ಚಮಚದಿಂದ ಟಕ್ ಟಕ್ ತಟ್ಟುತ್ತೇನೆ, ಆರತಿ ಎತ್ತುವ ಕೆಲಸ ಮಕ್ಕಳದು. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಇದು ನಮ್ಮ ಮಾವಳ್ಳಿ ಊರಿನ ಪದ್ಧತಿಯೇ ಇರಬೇಕು ಅಂದುಕೊಂಡು, ನಾಲಗೆ ಇದ್ದ ತನ್ನ ಗಂಟೆಗೂ ಚಮಚದಲ್ಲೇ ತಟ್ಟುತ್ತಿದ್ದಳಂತೆ. ತಿಂಗಳಾದ ಮೇಲೆ ಗೊತ್ತಾಗಿ ನಾವಿಬ್ಬರೂ ಬೇಲಿಯ ಆಚೆ ಈಚೆ ನಿಂತು ನಕ್ಕೆವು.

ಇವತ್ತು ಮಾತ್ರ ಗಂಟೆ ತಿಕ್ಕುವ ಕೈ ನಿಧಾನ ಆಗಿದೆ. ಕಾರಣ ನಿನ್ನೆ ಮಧ್ಯಾಹ್ನದ ಒಂದು ಮಾತು. ನನ್ನ ಸಣ್ಣ ಮಗಳು ತನ್ವಿ, ಎಂಟು ವರ್ಷದವಳು, ಗಂಜಿಗೆ ಉಪ್ಪು ಕಲಸುತ್ತ ತಲೆ ಎತ್ತದೆ ಹೇಳಿದಳು, "ಅಮ್ಮಾ, ಜೂನಿಂದ ನಾ ಶಾಲೆಗೆ ಹೋಗ್ತೆ."

ಬೇರೆ ಮನೆಯ ತಾಯಂದಿರು ಇದನ್ನು ಕೇಳಿದರೆ ದೇವರಿಗೆ ತುಪ್ಪದ ದೀಪ ಹಚ್ಚಿಯಾರು. ನಾನು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೇ ಹಾಕಿ ಕೂತೆ. ನನ್ನ ದೊಡ್ಡ ಮಗಳು ಚೈತ್ರಾಳನ್ನು ಮೂರನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ಬಿಡಿಸಿದವಳು ನಾನು. ಸಣ್ಣವಳನ್ನು ಸೇರಿಸಲೇ ಇಲ್ಲ. ಇಬ್ಬರಿಗೂ ಮನೆಯಲ್ಲೇ ಪಾಠ. ನಾಲ್ಕು ವರ್ಷ ಊರಿಗೆ, ನೆಂಟರಿಗೆ, ಸಮೀಕ್ಷೆಗೆ ಬಂದವರಿಗೆ, ಎಲ್ಲರಿಗೂ ಎದೆ ಕೊಟ್ಟು ನಿಂತು ಕಳಿಸುವುದಿಲ್ಲ ಎಂದವಳು. ಈಗ ಕಳಿಸಿದರೆ ಅವರೆಲ್ಲ "ನಾವು ಆವತ್ತೇ ಹೇಳಿದ್ದೆವಲ್ಲ" ಅನ್ನುತ್ತಾರೆ. ಕಳಿಸದಿದ್ದರೆ, ದೊಡ್ಡವಳಿಗೆ ಬೇರೆಯವರು ಮಾಡಿದ್ದನ್ನು ಸಣ್ಣವಳಿಗೆ ನಾನೇ ಮಾಡಿದ ಹಾಗೆ. ಅದಕ್ಕೇ ಈ ಗಂಟೆ ಇಷ್ಟು ಹೊತ್ತು ಹುಣಸೆಹುಳಿಯಲ್ಲಿ ಬಿದ್ದಿರುವುದು.

ಮೊದಲಿಂದ ಹೇಳುತ್ತೇನೆ, ಕೂತುಕೊಳ್ಳಿ. ನಾನೇನು ಓದಿದವಳಲ್ಲ. ಪಿಯುಸಿ ಪಾಸು, ಅದೂ ಎರಡನೇ ಸಲಕ್ಕೆ. ಹೊನ್ನಾವರ ಕಡೆಯಿಂದ ಮಾವಳ್ಳಿಗೆ ಮದುವೆಯಾಗಿ ಬಂದವಳು. ಇವರು ಭಟ್ಕಳ ಬಂದರಿನ ಬೋಟಿನಲ್ಲಿ ದುಡಿಯುವವರು. ಹೋದರೆ ವಾರ, ಹತ್ತು ದಿನ ಸಮುದ್ರದಲ್ಲೇ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆದಾಗ ಎರಡು ತಿಂಗಳು ಮನೆಯಲ್ಲಿ. ಅತ್ತೆ ಮೊನ್ನೆ ಮೊನ್ನೆವರೆಗೂ ಮೀನಿನ ಬುಟ್ಟಿ ಹೊತ್ತವರು, ಈಗ ಮಾರ್ಕೆಟ್ಟಿನಲ್ಲೇ ಕೂತು ಮಾರುತ್ತಾರೆ. ಇವರ ಅಣ್ಣ ಕುಮಟೆಯಲ್ಲಿ ನೌಕರಿಯಲ್ಲಿದ್ದಾರೆ, ನಮಗೆಲ್ಲ ಅವರು ಕುಮಟೆ ಭಾವ. ನಮ್ಮ ಮನೆಯಲ್ಲಿ ಇಸ್ತ್ರಿ ಹಾಕಿದ ಅಂಗಿ ಅಂದರೆ ಅವರೊಬ್ಬರದೇ. ಆದ್ದರಿಂದ ಓದಿನ ವಿಷಯದಲ್ಲಿ ಕೊನೆಯ ಮಾತು ಅವರದು ಎಂದು ಎಲ್ಲರೂ ಒಪ್ಪಿದ್ದೆವು. ನಾನೂ ಒಪ್ಪಿದ್ದೆ.

ಅವರು ತೋರಿಸಿದ ಇಂಗ್ಲಿಷ್ ಮೀಡಿಯಂ ಶಾಲೆಗೇ ಚೈತ್ರಾಳನ್ನು ಹಾಕಿದೆವು. ಬೆಳಿಗ್ಗೆ ಏಳೂವರೆಗೆ ಹಳದಿ ಬಸ್ಸು ರಸ್ತೆಗೆ ಬರುತ್ತಿತ್ತು. ಏಳು ಗಂಟೆಗೆ ಇವಳು ಹಿತ್ತಲ ಚರಂಡಿಗೆ ಓಡಿ ವಾಂತಿ ಮಾಡುತ್ತಿದ್ದಳು. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ಮೂರನೇ ಕ್ಲಾಸಿನ ಅರ್ಧ ವರ್ಷ. ನಾನು ದೃಷ್ಟಿ ಅಂದುಕೊಂಡೆ. ಉಪ್ಪು, ಸಾಸಿವೆ, ಒಣಮೆಣಸು ಇಳಿ ತೆಗೆದು ಒಲೆಗೆ ಹಾಕಿದೆ. ಮೆಣಸಿನ ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಅಂತ ಲೆಕ್ಕ. ಘಾಟು ಬಂತು. ಮನೆಯವರೆಲ್ಲ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿದೆವು. ಅಂದರೆ ದೃಷ್ಟಿ ಅಲ್ಲ. ಆದರೂ ನನಗೆ ಬುದ್ಧಿ ಬರಲಿಲ್ಲ. ಮೆಣಸು ಸರಿ ಇರಲಿಕ್ಕಿಲ್ಲ ಅಂತ ಅಂಗಡಿಯವನನ್ನು ಬೈದು, ಬೇರೆ ಮೆಣಸು ತಂದು ಇನ್ನೊಮ್ಮೆ ತೆಗೆದೆ. ಡಾಕ್ಟರು ನೋಡಿದರು, ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಶಾಲೆಯಿಂದ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಬರುತ್ತಿತ್ತು, ಓದಲು ಬರುವುದಿಲ್ಲ, ಮನೆಯಲ್ಲಿ ಗಮನ ಕೊಡಿ ಎಂದು. ನಾನು ಗಮನ ಕೊಟ್ಟೆ. ಅವಳು ಪಾಠವನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದಳು, ಪುಟ ಮಾತ್ರ ಒಂದು ಸಾಲು ತಡವಾಗಿ ತಿರುವುತ್ತಿದ್ದಳು. ಅದನ್ನು ಕಂಡೂ ಕಾಣದವಳ ಹಾಗೆ ಇದ್ದೆ.

ಕೊನೆಗೆ ಇಡಗುಂಜಿ ಗಣಪತಿಗೆ ಹರಕೆ ಹೊತ್ತು ಅವಳನ್ನು ಕರೆದುಕೊಂಡು ಹೋದೆ. ಗರ್ಭಗುಡಿಯ ಎದುರು ನಾನು ಕಣ್ಣು ಮುಚ್ಚಿ ವಿದ್ಯೆ ಕೊಡು, ಬುದ್ಧಿ ಕೊಡು ಅಂತ ಬೇಡುತ್ತಿದ್ದೆ. ಪಕ್ಕದಲ್ಲಿ ಅವಳೂ ಕೈಮುಗಿದು ಪಿಸುಗುಡುತ್ತಿದ್ದಳು. ತಾಯಿ ಅಂದಮೇಲೆ ಕಿವಿ ಅತ್ತ ಹೋಗದೆ ಇರುತ್ತದೆಯೆ?

"ದೇವ್ರೇ, ದಿನಾ ಬಸ್ಸಿನ ಟಯರ್ ಪಂಕ್ಚರ್ ಮಾಡು. ನಾಲ್ಕೂ."

ನನಗೆ ಮೊದಲು ಬಂದದ್ದು ನಗು. ಆಮೇಲೆ ಕಂಬಕ್ಕೆ ಒರಗಿ ನಿಂತೆ. ನಾಲ್ಕೂ ಅಂದಳಲ್ಲ, ಅದು. ಒಂದು ಪಂಕ್ಚರ್ ಆದರೆ ಡ್ರೈವರ್ ಬೇರೆ ಚಕ್ರ ಹಾಕಿಕೊಂಡು ಬಂದುಬಿಡುತ್ತಾನೆ ಅಂತ ಆ ಒಂಬತ್ತು ವರ್ಷದ ಮಗು ಎಷ್ಟು ದಿನ ಕೂತು ಯೋಚನೆ ಮಾಡಿರಬೇಕು. ಗಣಪತಿ ಅವಳ ಮಾತು ನಡೆಸಿದರೆ ಪಾಪ ಬಸ್ಸಿನವನ ಹೊಟ್ಟೆಗೆ ಕಲ್ಲು. ಅದಕ್ಕಿಂತ ನಾನೇ ಒಂದು ತೀರ್ಮಾನ ಮಾಡುವುದು ಒಳ್ಳೆಯದು ಅನ್ನಿಸಿತು. ಪ್ರಸಾದದ ಪಂಚಕಜ್ಜಾಯ ಕೈಯಲ್ಲಿ ಹಿಡಿದೇ ಅವಳಿಗೆ ಹೇಳಿದೆ, ನಾಳೆಯಿಂದ ಹೋಗುವುದು ಬೇಡ. ನಾನು ಎಣಿಸುವ ದೇವರ ದಯೆಗಳಲ್ಲಿ ಮೊದಲನೆಯದು, ಹಿಂದಿರುಗುವ ಬಸ್ಸಿನಲ್ಲಿ ಅವಳು ನನ್ನ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ ಹೋದದ್ದು.

ಇವರಿಗೆ ಫೋನಿನಲ್ಲಿ ಹೇಳಿದೆ. ಇಂಜಿನ್ ಸದ್ದಿನ ನಡುವೆ ಎರಡು ಸಲ ಹೇಳಬೇಕಾಯಿತು. ಆಮೇಲೆ, "ನಿಂಗೆ ಸರಿ ಕಂಡದ್ದು ಮಾಡು. ಅಣ್ಣಂಗೆ ಮಾತ್ರ ನೀನೇ ಹೇಳು," ಅಂದರು. ಬಿರುಗಾಳಿಯಲ್ಲಿ ಬೋಟು ತಿರುಗಿಸುವ ಗಂಡಸು ಅಣ್ಣನಿಗೆ ಹೆದರುತ್ತಾರೆ ಎಂದು ಆವತ್ತೇ ಗೊತ್ತಾದದ್ದು.

ಭಾವ ಬಂದರು, ಬೈಯಲಿಲ್ಲ, ಅದೇ ಕಷ್ಟ. ಸಮಾಧಾನದಲ್ಲಿ ಹೇಳಿದರು: ಕುಮಟೆಗೆ ಕಳಿಸು, ನಮ್ಮ ಮನೆಯಲ್ಲಿ ಇದ್ದು ಅಲ್ಲಿಯ ಶಾಲೆಗೆ ಹೋಗಲಿ, ಸಂಜೆ ಟ್ಯೂಷನ್ ಹಾಕಿಸುತ್ತೇನೆ. ನಾನು ಸಮಯ ಕೇಳಿದೆ. ಆಗ ಜನವರಿ. ಆಗಸ್ಟಿನ ನೂಲ ಹುಣ್ಣಿಮೆಯ ಸಮುದ್ರ ಪೂಜೆವರೆಗೆ ಅಂತ ಒಪ್ಪಂದ ಆಯಿತು. ಅಷ್ಟರಲ್ಲಿ ಹುಡುಗಿ ಪೇಪರ್ ಓದಬೇಕು, ಇಲ್ಲದಿದ್ದರೆ ಅವತ್ತೇ ಅವಳ ಬಟ್ಟೆ ಕಟ್ಟಿ ಕಳಿಸಬೇಕು. ದೇವರ ಎದುರು ದೀಪ ಉರಿಯುತ್ತಿತ್ತು. ನಾನು ಹೂಂ ಅಂದೆ.

ಈಗ ಪಾಠ ಮಾಡುವುದು ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ಶಾಲೆ, ನಾನು ಕೂತ ಶಾಲೆ. ಅದನ್ನೇ ಪಡಸಾಲೆಗೆ ತಂದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಹೊಲಿಸಿದ ಯೂನಿಫಾರ್ಮ್ ದಂಡ ಆಗಬಾರದು ಅಂತ ಅದನ್ನೂ ತೊಡಿಸಿದೆ. ಮನೆಯಲ್ಲಿ ಟೈ ಕಟ್ಟಿಕೊಂಡು ಕೂತ ಹುಡುಗಿಯನ್ನು ನೋಡಲು ಹಾಲಿನವನು ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದ. ಹಾಜರಿ ಕರೆಯುತ್ತಿದ್ದೆ. ತನ್ವಿಗೆ ಆಗ ನಾಲ್ಕು ವರ್ಷ, ಅಕ್ಕನ ಹಳೆ ಬೆಲ್ಟು ಸೊಂಟಕ್ಕೆ ಎರಡು ಸುತ್ತು ಸುತ್ತಿಕೊಂಡು "ಪ್ರೆಸೆಂಟ್ ಮಿಸ್" ಅಂತ ಕೂಗಿದರೆ ದಾರಿಯವರೆಗೆ ಕೇಳುತ್ತಿತ್ತು. ಪೀರಿಯಡ್ ಮುಗಿಯಿತು ಎನ್ನಲು ಒಂದು ಗಂಟೆ ಬೇಕಲ್ಲ. ದೇವರ ಕೋಣೆಯ ಈ ಗಂಟೆಯನ್ನೇ ತಂದಿಟ್ಟುಕೊಂಡೆ.

ತಪ್ಪಾದದ್ದು ಅಲ್ಲೇ. ಗಣಿತ ಮುಗಿಯಿತು ಅಂತ ನಾನು ಗಂಟೆ ಹೊಡೆದರೆ, ಅಂಗಳದಲ್ಲಿ ಮೀನು ಒಣಗಿಸುತ್ತಿದ್ದ ಅತ್ತೆ ಕೈಯಲ್ಲಿದ್ದದ್ದು ಬಿಟ್ಟು ಕೈಮುಗಿಯುತ್ತಿದ್ದರು. ಇಂಗ್ಲಿಷ್ ಮುಗಿದರೆ ಮತ್ತೊಮ್ಮೆ. ಅವರು ಕೈಮುಗಿಯುವ ಅಷ್ಟು ಹೊತ್ತಿನಲ್ಲಿ ಕಾಗೆ ಬಂದು ಒಂದು ಮೀನು ಎತ್ತಿಕೊಂಡು ಹೋಗುತ್ತಿತ್ತು. ದಿನಕ್ಕೆ ಎಂಟು ಪೀರಿಯಡ್, ಎಂಟು ಮೀನು. ವಾರ ನೋಡಿದರು. ಆಮೇಲೆ ಬಾಗಿಲಿಗೆ ಬಂದು ಹೇಳಿದರು, "ದೇವ್ರನ್ನ ದಿನಕ್ಕೆ ಎಂಟು ಸಲ ಕರೀತೆ, ಬಂದ್ರೆ ಕೂಡ್ಸೂಕೆ ಒಂದು ಮಣೆಯಾದ್ರೂ ಇಟ್ಟಿದ್ಯಾ?"

ನಗುವ ಮಾತು ಇಲ್ಲಿಗೆ ಸಾಕು. ಮೂರನೇ ವಾರ ಒಂದು ಬೆಳಿಗ್ಗೆ ನಾನು ಎರಡನೇ ಪೀರಿಯಡ್ಡಿನ ಗಂಟೆ ಹೊಡೆದು "ಚೈತ್ರಾ, ಪುಸ್ತಕ ತೆಗೆ" ಅಂದೆ. ಅವಳು ಎದ್ದು ಚರಂಡಿಗೆ ಓಡಿದಳು. ಹಳೆಯ ಹಾಗೇ, ಎರಡು ಕೈ ಗೋಡೆಗೆ ಕೊಟ್ಟು. ಬಸ್ಸಿಲ್ಲ, ಕೆಂಪು ಶಾಯಿ ಇಲ್ಲ, ಇದ್ದವಳು ನಾನೊಬ್ಬಳು. ಶಾಲೆಯನ್ನು ಮನೆಗೆ ತರುವಾಗ ಅದರ ಕಾಯಿಲೆಯನ್ನೂ ಸೆರಗಿನಲ್ಲಿ ಕಟ್ಟಿ ತಂದಿದ್ದೆ. ಅವಳ ಬೆನ್ನು ಸವರಿ ಒಳಗೆ ಬಂದಾಗ ಗಂಟೆ ಅದರ ಜಾಗದಲ್ಲಿ ಇತ್ತು, ನಾಲಗೆ ಇರಲಿಲ್ಲ. ತಂತಿ ಬಿಚ್ಚಿ ತೆಗೆದದ್ದು. ಅತ್ತೆ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದರು, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತನ್ವಿ ಮಾತ್ರ ಗಂಟೆ ಹೊಡೆಯುವುದಿಲ್ಲವೆಂದು ಅವತ್ತು ಸಂಜೆಯ ತನಕ ಅತ್ತಳು. ಸಣ್ಣ ಮಕ್ಕಳು ಎಲ್ಲದಕ್ಕೂ ಅಳುತ್ತಾರೆ ಅಂತ ನಾನು ಅವಳ ಕೈಗೆ ಬೆಲ್ಲದ ತುಂಡು ಕೊಟ್ಟೆ.

ಆಮೇಲೆ ಮೊಬೈಲಿನಲ್ಲಿ ಒಂದು ಗುಂಪಿಗೆ ಸೇರಿಕೊಂಡೆ. ಎಲ್ಲ ಮನೆಯಲ್ಲೇ ಪಾಠ ಮಾಡುವ ತಾಯಂದಿರು, ದೂರದ ದೊಡ್ಡ ಊರಿನವರು, ಒಳ್ಳೆಯವರು. ಅಲ್ಲಿ ಒಬ್ಬರು ಏಳು ವರ್ಷದವರೆಗೆ ಅಕ್ಷರ ತೋರಿಸಲೇಬಾರದು ಎನ್ನುತ್ತಿದ್ದರು. ಇನ್ನೊಬ್ಬರು ಹಳೆಯ ಒಳ್ಳೆಯ ಪುಸ್ತಕ ಮಾತ್ರ ಓದಿಸಿ ಎಂದರೆ, ಮತ್ತೊಬ್ಬರು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ, ಬೇಕಾದಾಗ ಕೇಳಿ ಕಲಿಯುತ್ತಾರೆ ಎನ್ನುತ್ತಿದ್ದರು. ಈ ಕೊನೆಯದು ನನಗೆ ಹಿಡಿಸಿತು, ಯಾಕೆಂದರೆ ಅದಕ್ಕೆ ಖರ್ಚಿಲ್ಲ. ಬಿಟ್ಟೆ. ಒಂದು ತಿಂಗಳು ನನ್ನ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ, ಊಟಕ್ಕೆ ಎಂತ? ಆ ವಿಧಾನ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಬೇರೆಯವರ ರವಿಕೆ ಎಷ್ಟು ಚಂದ ಇದ್ದರೂ ನನ್ನ ತೋಳಿಗೆ ಹಿಡಿಯಬೇಕಲ್ಲ. ಜೊತೆಗೆ ನನ್ನ ಎದುರು ಹುಣ್ಣಿಮೆಯ ಗಡುವು ಇತ್ತು. ಅವರಿಗೆ ಯಾರಿಗೂ ಕುಮಟೆ ಭಾವ ಇರಲಿಲ್ಲ.

ಅಷ್ಟರಲ್ಲಿ ಜೂನ್ ಬಂತು, ಬೋಟು ದಡದ ಮೇಲೆ ಬಂತು, ಇವರು ಮನೆಗೆ ಬಂದರು. ಆಗ ನನಗೆ ಹೊಳೆದ ಒಂದು ಸಂಗತಿ ಎಷ್ಟು ಸಣ್ಣದು ಅಂದರೆ ಹೇಳಲು ನಾಚಿಕೆ. ನಮ್ಮ ಮಕ್ಕಳ ಶಾಲೆ ಶುರುವಾಗುವುದೇ ಅಪ್ಪ ಮನೆಗೆ ಬಂದಾಗ. ಬೇಸಿಗೆ ರಜೆ ಸಿಗುವುದು ಅಪ್ಪ ಸಮುದ್ರದಲ್ಲಿ ಇರುವಾಗ. ಚೈತ್ರಾ ಮೂರು ವರ್ಷ ಶಾಲೆಗೆ ಹೋದ ಲೆಕ್ಕದಲ್ಲಿ ಮೂರು ಮಳೆಗಾಲ ಅಪ್ಪನನ್ನು ಕಂಡದ್ದು ಸಂಜೆ ಹೋಮ್‌ವರ್ಕಿನ ನಡುವೆ. ಇದು ಇಡೀ ಕೇರಿಗೆ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಿದವರಿಲ್ಲ, ಮಳೆ ಬರುತ್ತದೆ ಅನ್ನುವ ಹಾಗೆ ಅದೂ ಒಂದು. ನಾನು ಗೋಡೆಯ ವೇಳಾಪಟ್ಟಿ ಕಿತ್ತು ಒಲೆಗೆ ಹಾಕಿದೆ. ನಮ್ಮ ಮನೆಯ ಶಾಲೆ ಬೋಟಿನ ಪ್ರಕಾರ ನಡೆಯುತ್ತದೆ ಅಂದೆ. ಮಳೆಗಾಲದ ಮಾಸ್ತರು ಅಪ್ಪ.

ಇವರು ಏಳನೇ ಕ್ಲಾಸು. ಗಾಬರಿಯಾಗಿ ನನ್ನ ಮುಖ ನೋಡಿದರು. "ನಂಗೆ ಎಂತ ಬತ್ತದೆ ಮಾರಾಯ್ತಿ ಪಾಠ ಮಾಡೂಕೆ?"

ಬರುವುದನ್ನು ಮಾಡಿ ಅಂದೆ. ಅವರಿಗೆ ಬರುವುದು ಬಲೆ ಕಟ್ಟುವುದು, ಬೋಟಿಗೆ ಬಣ್ಣ ಹೊಡೆಯುವುದು. ಬಂದರಿನಲ್ಲಿ ಮೇಲೆಳೆದು ನಿಲ್ಲಿಸಿದ ಬೋಟಿಗೆ ತಾಡಪಾಲು ಕಟ್ಟಿ, ಅದರ ಅಡಿಯಲ್ಲಿ ಪ್ರತಿ ಮಳೆಗಾಲ ಹೆಸರನ್ನು ಹೊಸದಾಗಿ ಬರೆಯುತ್ತಾರೆ. ಮೊಳದಷ್ಟು ಎತ್ತರದ ಅಕ್ಷರ. ಚೈತ್ರಾಳನ್ನು ಕರೆದುಕೊಂಡು ಹೋದರು. ಇವರು ಸೀಮೆಸುಣ್ಣದಲ್ಲಿ ಅಂಚು ಎಳೆದರೆ ಇವಳು ಬ್ರಶ್ ಹಿಡಿದು ತುಂಬುವುದು. ಶ್ರೀ ಒಂದಕ್ಕೇ ಒಂದಿಡೀ ದಿನ ಹಿಡಿಯಿತಂತೆ. ಬಣ್ಣ ಒಣಗುವವರೆಗೆ ಇರಚಲು ಬಡಿಯಬಾರದು ಅನ್ನುವ ಒಂದೇ ಅವಸರ ಅಲ್ಲಿ, ಓದು ಬೇಗ ಬರಲಿ ಅನ್ನುವ ಅವಸರ ಯಾರಿಗೂ ಇಲ್ಲ. ಪುಸ್ತಕದಲ್ಲಿ ಇರುವೆ ಸಾಲಿನ ಹಾಗೆ ಓಡುತ್ತಿದ್ದ ಅಕ್ಷರ ಇಲ್ಲಿ ಆನೆಯ ಹಾಗೆ ನಿಂತಿತ್ತು. ಕೈಗೆ ಮೊದಲು ಗೊತ್ತಾಯಿತು, ಆಮೇಲೆ ಕಣ್ಣಿಗೆ. ಜುಲೈ ಮುಗಿಯುವಾಗ ಅವಳು ಸಾಲಾಗಿ ನಿಂತ ಬೋಟುಗಳ ನಡುವೆ ಅಪ್ಪನ ಕೈ ಹಿಡಿದು ಹೆಸರು ಓದುತ್ತ ನಡೆಯುತ್ತಿದ್ದಳು. ನಮ್ಮವರ ಬೋಟಿಗೆಲ್ಲ ದೇವರ ಹೆಸರೇ. ಹಾಗಾಗಿ ನನ್ನ ಮಗಳ ಓದು ದೇವರ ನಾಮದಿಂದಲೇ ಶುರುವಾಯಿತು. ಇದನ್ನು ನಾನು ದಯೆ ಅನ್ನದೆ ಇನ್ನೇನು ಅನ್ನಲಿ?

ನೂಲ ಹುಣ್ಣಿಮೆಗೆ ಭಾವ ಬಂದರು. ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಎಲ್ಲ ಮನೆಗೆ ಬಂದು ಕೂತಾಗ ಅವರು ಚೀಲದಿಂದ ಪೇಪರ್ ತೆಗೆದು ಎರಡನೇ ಪುಟದ ಒಂದು ಮೂಲೆ ತೋರಿಸಿದರು. ಚೈತ್ರಾ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಸಣ್ಣ ಅಕ್ಷರ ದೊಡ್ಡಪ್ಪ. ನಂಗೆ ಹೊತ್ತು ಬೇಕು."

"ಎಷ್ಟು ಹೊತ್ತು?"

"ನೀವು ಚಾ ಕುಡೀರಿ."

ಅವರು ಚಾ ಕುಡಿದರು. ಅವಳು ಬೆರಳಿಟ್ಟು ಓದಿದಳು. ಮೂರು ಸಾಲು, ಅದರಲ್ಲಿ ಎರಡು ತಪ್ಪು. ಬೋಟಿನಷ್ಟು ದೊಡ್ಡ ಅಕ್ಷರದಿಂದ ಪೇಪರಿನ ಅಕ್ಷರಕ್ಕೆ ಇಳಿಯುವುದು ಎಂದರೆ ಎಷ್ಟು ಮೆಟ್ಟಿಲು ಎಂದು ನನಗೆ ಗೊತ್ತಿರಲಿಲ್ಲ. ಆದರೆ ನಾನು ಪೇಪರ್ ನೋಡುತ್ತಲೇ ಇರಲಿಲ್ಲ. ಅವಳ ಹೊಟ್ಟೆ ನೋಡುತ್ತಿದ್ದೆ, ಹಿತ್ತಲ ಬಾಗಿಲು ನೋಡುತ್ತಿದ್ದೆ. ಅವಳು ಏಳಲಿಲ್ಲ. ತಪ್ಪಿದಾಗ ತಿರುಗಿ ಓದಿದಳು, ಏಳಲಿಲ್ಲ.

ಭಾವ ಪೇಪರ್ ಮಡಚಿದರು. "ಒಂಬತ್ತು ವರ್ಷಕ್ಕೆ ಮೂರು ಸಾಲು. ಆತು, ಬಟ್ಟೆ ಕಟ್ಟು. ಮಾತಾಡ್ಕೊಂಡದ್ದು ಹಾಗೆ ಅಲ್ದಾ?"

"ಹೌದು ಭಾವ. ಮಾತು ಕೊಟ್ಟಿದ್ದೆ."

"ಮತ್ತೆ?"

"ಮುರೀತೆ."

ಇವರು ಕಾಲಿನ ಹೆಬ್ಬೆರಳು ನೋಡುತ್ತ ಕೂತಿದ್ದರು. ಭಾವನ ಮುಖ ಕೆಂಪಾಯಿತು. ದೊಡ್ಡವರ ಎದುರು ಆಡುವ ಮಾತಲ್ಲ ಅದು, ನನಗೂ ಗೊತ್ತು. ಆದರೆ ಅವರು ಲೆಕ್ಕ ಹಾಕಿದ್ದು ಸಾಲುಗಳನ್ನು, ನಾನು ಲೆಕ್ಕ ಹಾಕಿದ್ದು ಅವಳು ಚರಂಡಿಗೆ ಓಡದೆ ಕೂತ ಹೊತ್ತನ್ನು. ಇದನ್ನು ಅವರಿಗೆ ಹೇಗೆ ಹೇಳುವುದು ಎಂದು ತಡಕಾಡುವಾಗ ಅತ್ತೆ ಒಳಗಿಂದ ಪಾಯಸದ ಲೋಟ ತಂದು ಮಗನ ಎದುರು ಇಟ್ಟರು. "ಕುಡಿ ಮಗಾ. ನೀ ನಾಲ್ಕನೇ ಕ್ಲಾಸಿಗೆ ಎರಡು ವರ್ಷ ಕೂತದ್ದು. ನಾ ಎಲ್ಲಿಗಾದ್ರೂ ಕಳ್ಸಿದ್ನಾ?"

ಭಾವ ಪಾಯಸ ಕುಡಿದರು. ಒಬ್ಬರೇ ಕುಮಟೆಗೆ ಹೋದರು.

ಮರುವಾರ ಇಡಗುಂಜಿಗೆ ಹೋಗಿ ತಪ್ಪು ಕಾಣಿಕೆ ಹಾಕಿ ಬಂದೆ. ದೀಪದ ಎದುರು ಹೂಂ ಅಂದ ಮಾತನ್ನು ಮುರಿದದ್ದು ತಪ್ಪೇ. ದೇವರಿಗೆ ಸ್ಪಷ್ಟವಾಗಿ ಹೇಳಿದೆ, ಇದು ಮಾತು ಮುರಿದದ್ದಕ್ಕೆ. ಮಗಳನ್ನು ಇಟ್ಟುಕೊಂಡದ್ದಕ್ಕೆ ಅಲ್ಲ. ಅದಕ್ಕೆ ಕಾಣಿಕೆ ಹಾಕುವವಳಲ್ಲ ನಾನು.

ಆಮೇಲಿನ ವರ್ಷಗಳು ಒಂದು ದಾರಿಗೆ ಬಿದ್ದವು. ಬೋಟು ಸಮುದ್ರದಲ್ಲಿ ಇರುವ ತಿಂಗಳುಗಳಲ್ಲಿ ಬೆಳಿಗ್ಗೆ ನನ್ನ ಹತ್ತಿರ ಸರಕಾರಿ ಪಠ್ಯಪುಸ್ತಕ, ಎಷ್ಟು ಪುಟ ಆಗುತ್ತದೋ ಅಷ್ಟು. ಮಧ್ಯಾಹ್ನದ ಮೇಲೆ ಅತ್ತೆಯ ಜೊತೆ ಮಾರ್ಕೆಟ್ಟು. ಅಲ್ಲಿ ಅತ್ತೆ ಕೊಂಕಣಿಯಲ್ಲಿ ಒಬ್ಬರಿಗೆ, ಭಟ್ಕಳದ ಮುಸ್ಲಿಮರು ಆಡುವ ನವಾಯತಿಯಲ್ಲಿ ಇನ್ನೊಬ್ಬರಿಗೆ ಉತ್ತರ ಕೊಡುವುದನ್ನು ಕೇಳಿ ಚೈತ್ರಾ ಎರಡನ್ನೂ ಕಲಿತಳು. ತಿಥಿ ನೋಡಿ ಸಮುದ್ರದ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ಅತ್ತೆ ಬೆರಳಲ್ಲಿ ಎಣಿಸಿದರೆ, ಇವಳು ಅದನ್ನು ಪುಸ್ತಕದಲ್ಲಿ ಬರೆದು ತಾಳೆ ನೋಡುತ್ತಾಳೆ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಬಂದ ಟೀಚರೊಬ್ಬರು ಅದನ್ನು ತಿರುವಿ ನೋಡಿ, ಹೊರಗಿನಿಂದ ಹತ್ತನೇ ಪರೀಕ್ಷೆ ಕಟ್ಟುವ ದಾರಿ ಇದೆ ಎಂದು ತಿಳಿಸಿ ಹೋದರು. ಅದಕ್ಕೆ ಇನ್ನೂ ಎರಡು ವರ್ಷ. ಪಾಸಾಗುತ್ತಾಳೋ, ಗೊತ್ತಿಲ್ಲ. ಕುಮಟೆ ಭಾವ ಈಗಲೂ ಬರುವಾಗೆಲ್ಲ ಹಳೆ ಪೇಪರಿನ ಕಟ್ಟು ತರುತ್ತಾರೆ. ಮೀನು ಕಟ್ಟಲು ಆಗುತ್ತದೆ ಅನ್ನುತ್ತಾರೆ. ಎಲ್ಲದರಲ್ಲೂ ಎರಡನೇ ಪುಟ ಮೇಲೆ ಬರುವ ಹಾಗೆ ಮಡಚಿರುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಗಂಟೆ ಫಳಫಳ ಹೊಳೆಯುತ್ತಿದೆ ನೋಡಿ. ಆದರೆ ಹೇಳುತ್ತ ಹೇಳುತ್ತ ನನಗೇ ಒಂದು ಕಂಡಿತು. ಬೋಟು, ಬಣ್ಣ, ತಿಥಿ, ಮಾರ್ಕೆಟ್ಟು, ಎಲ್ಲದರಲ್ಲೂ ಚೈತ್ರಾ ಇದ್ದಾಳೆ. ತನ್ವಿ ಎಲ್ಲಿ? ಬೆಲ್ಟು ಸುತ್ತಿಕೊಂಡು ಹಾಜರಿ ಕೂಗಿದಳು, ಗಂಟೆ ಹೋದದ್ದಕ್ಕೆ ಅತ್ತಳು, ಬೆಲ್ಲ ತಿಂದಳು. ಅಷ್ಟೇ. ನಾಲ್ಕು ವರ್ಷದಿಂದ ಅಕ್ಕನ ಅಳತೆಗೆ ಹೊಲಿದದ್ದನ್ನೇ ಅವಳಿಗೂ ತೊಡಿಸಿದ್ದೇನೆ. ಆ ಕೂಸಿಗೆ ಗಂಟೆ ಬೇಕಿತ್ತು, ಸಾಲು ಬೇಕಿತ್ತು, ಹೆಸರು ಕರೆಯುವವರು ಬೇಕಿತ್ತು.

ಕೈ ತೊಳೆದು ಏಳುವಾಗ ಅತ್ತೆ ಹಿತ್ತಲಿಗೆ ಬಂದರು. ನಿನ್ನೆಯ ಮಾತು ಅವರ ಕಿವಿಗೂ ಬಿದ್ದಿತ್ತು. ಕವಳದ ಸಂಚಿಯ ತಳಕ್ಕೆ ಕೈ ಹಾಕಿ, ಅಡಿಕೆ ಹೋಳಿನ ನಡುವಿಂದ ಸುಣ್ಣ ಮೆತ್ತಿದ ಒಂದು ಹಿತ್ತಾಳೆ ಗುಂಡು ತೆಗೆದು ಹುಣಸೆಹುಳಿಯ ಪಾತ್ರೆಗೆ ಹಾಕಿದರು.

"ಅವ್ಳಿಗೆ ಬ್ಯಾಡಾಗಿತ್ತು," ಅಂದರು. "ಇವ್ಳಿಗೆ ಬೇಕು."

ಗುಂಡು ತಿಕ್ಕಿದೆ, ತಂತಿಯಲ್ಲಿ ಕಟ್ಟಿದೆ. ಊರವರು ಹೇಳುವ ಮೊದಲು ನಾನೇ ಭಾವನಿಗೆ ಫೋನ್ ಮಾಡಿದೆ, ಜೂನಿಂದ ತನ್ವಿ ಇಲ್ಲೇ ನಮ್ಮೂರ ಕನ್ನಡ ಶಾಲೆಗೆ ಹೋಗುತ್ತಾಳೆ ಎಂದೆ. ಅಂತೂ ಬುದ್ಧಿ ಬಂತಲ್ಲ ಎಂದು ಅವರು ನಕ್ಕರು. ಬುದ್ಧಿ ಮೊದಲೂ ಇತ್ತು ಭಾವ, ಮಕ್ಕಳು ಇಬ್ಬರು, ಅಷ್ಟೇ, ಎಂದೆ. ನಾಳೆ ಬಾವಿಕಟ್ಟೆಯಲ್ಲಿ ಯಾರು ಏನು ಕೇಳಿದರೂ ಉತ್ತರ ಇದೇ. ಒಬ್ಬಳು ಮನೆಯಲ್ಲಿ, ಒಬ್ಬಳು ಶಾಲೆಯಲ್ಲಿ. ಆಯ್ಕೆ ತಪ್ಪಿದ್ದರೆ ತಪ್ಪು ಕಾಣಿಕೆ ಹಾಕಲು ಇಡಗುಂಜಿ ದೂರ ಇಲ್ಲ.

ಒಂದು ವಿಷಯ ಮಾತ್ರ ಬಿಟ್ಟುಕೊಡುವುದಿಲ್ಲ. ಶಾಲೆ ಶುರುವಾಗುವ ಹೊತ್ತಿಗೇ ಇವರು ಬೋಟಿನಿಂದ ಇಳಿಯುವುದು. ಆ ಮೊದಲ ವಾರ ತನ್ವಿ ಹೋಗುವುದಿಲ್ಲ. ದೇವರ ಎದುರು ಗಂಟೆ ಅಲ್ಲಾಡಿಸಿ ನೋಡಿದೆ, ಪೂರಾ ಸ್ವರ. ಅಂಗಳದಿಂದ "ಪ್ರೆಸೆಂಟ್ ಮಿಸ್" ಅಂತ ಒಂದು ಕೂಗು ಬಂತು. ಚೈತ್ರಾ ಜಗಲಿಯಲ್ಲಿ ಕೂತು ಆ ವಾರಕ್ಕೆ ಈಗಲೇ ರಜಾ ಅರ್ಜಿ ಬರೆಯುತ್ತಿದ್ದಳು, ಗಂಟೆ ಕೇಳಿ ತಲೆ ಎತ್ತಲೂ ಇಲ್ಲ. ತಂಗಿಯ ಹೆಸರು, ತರಗತಿ, ಎಷ್ಟು ದಿನ, ಎಲ್ಲ ದುಂಡಗೆ ಬರೆದಿದ್ದಾಳೆ. ಕಾರಣ ಎಂದು ಬರೆದು ನಿಲ್ಲಿಸಿ, ಎಂತ ಬರೆಯುವುದು, ಜ್ವರ ಎಂದು ಬರೆಯಲಾ ಎಂದು ಕೇಳಿದಳು.

ಸುಳ್ಳು ಬೇಡ ಅಂದೆ. ಅವಳು ಸ್ವಲ್ಪ ಯೋಚಿಸಿ, ಬೋಟಿನ ಮೇಲೆ ಬರೆಯುವ ಹಾಗೆ ದೊಡ್ಡಕ್ಷರದಲ್ಲಿ ಬರೆದಳು: ನಮ್ಮ ಅಪ್ಪ ಮನೆಗೆ ಬಂದಿದ್ದಾರೆ.